ಸಾರ್ಜೆಂಟ್ ಕಫ್ ಕೇಳದೆ ಬಿಟ್ಟ ಪ್ರಶ್ನೆ

ಪತ್ತೇದಾರಿ ಕಥೆಗಳ ಲೋಕದಲ್ಲಿ ಪೋಲೀಸ್ ಇನ್‌ಸ್ಪೆಕ್ಟರನಿಗೆ ದೊರೆತಿರುವ ಸ್ಥಾನ ಅಷ್ಟೇನೂ ಗೌರವದ್ದಲ್ಲ. ಕೊಲೆಯಾದ ಮನೆಗೆ ಮೊದಲು ಬರುವವನು ಅವನೇ. ಬಂದವನು ಹೆಜ್ಜೆಗುರುತುಗಳನ್ನು ತುಳಿದು ಅಳಿಸುತ್ತಾನೆ. ಕೈಗೆ ಸಿಕ್ಕಿದ ನಿರಪರಾಧಿಯನ್ನು ಠಾಣೆಗೆ ಎಳೆದೊಯ್ಯುತ್ತಾನೆ. ಕೊನೆಗೆ ಖಾಸಗಿ ಪತ್ತೇದಾರ ನಿಜವಾದ ಅಪರಾಧಿಯನ್ನು ತೋರಿಸಿಕೊಟ್ಟಾಗ, ಬೇಡಿ ತೊಡಿಸುವ ಕೆಲಸವೊಂದು ಅವನ ಪಾಲಿಗೆ ಉಳಿಯುತ್ತದೆ. ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದಾಗ ಅವನ ಜಾಣತನಕ್ಕೆ ಒರೆಗಲ್ಲಾಗಿ ಲೆಸ್ಟ್ರೇಡನನ್ನೂ ಸೃಷ್ಟಿಸಿದ. ಅಗಾಥಾ ಕ್ರಿಸ್ಟಿ 1920ರಲ್ಲಿ ಪ್ವಾರೊನನ್ನು ತಂದಾಗ ಹಿಂದೆಯೇ ಇನ್‌ಸ್ಪೆಕ್ಟರ್ ಜ್ಯಾಪ್ ಬಂದ. ನಮ್ಮಲ್ಲಿ ಐವತ್ತರ ದಶಕದಿಂದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪುಸ್ತಕ ಮುಟ್ಟದವರ ಕೈಗೂ ಪುಸ್ತಕ ಕೊಟ್ಟರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಹೆಸರುಗಳು ಹಳೆಯ ವಾಚಕರ ನಾಲಗೆಯ ಮೇಲೆ ಈಗಲೂ ಇವೆ. ಅವರೆಲ್ಲ ಪತ್ತೇದಾರರು. ಹಾಗೆ ನೆನಪಿನಲ್ಲಿ ಉಳಿದ ಇನ್‌ಸ್ಪೆಕ್ಟರನೊಬ್ಬನ ಹೆಸರು ಹೇಳೆಂದರೆ ಆ ವಾಚಕರು ತಡವರಿಸುತ್ತಾರೆ.

ಆದರೆ ಕಾದಂಬರಿಯ ಪೋಲೀಸನು ಹುಟ್ಟಿನಿಂದಲೇ ದಡ್ಡನಾಗಿರಲಿಲ್ಲ. ಹೋಮ್ಸ್ ಬರುವುದಕ್ಕೆ ಮೊದಲು ಇಂಗ್ಲಿಷ್ ಕಾದಂಬರಿಯಲ್ಲಿ ಪತ್ತೆಯ ಜಾಣತನ ಪೋಲೀಸರದೇ ಆಗಿತ್ತು. 1852–53ರಲ್ಲಿ ಬಂದ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಇನ್‌ಸ್ಪೆಕ್ಟರ್ ಬಕೆಟ್ ಇದ್ದಾನೆ. 1868ರಲ್ಲಿ ಡಿಕನ್ಸನ ಗೆಳೆಯ ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಸಾರ್ಜೆಂಟ್ ಕಫ್ ಬಂದ. ಹುದ್ದೆಯಲ್ಲಿ ಸಾರ್ಜೆಂಟನಾದರೂ ಮುಂದೆ ಬಂದ ಇನ್‌ಸ್ಪೆಕ್ಟರುಗಳ ಸಂತತಿಗೆ ಅವನನ್ನು ಮೂಲಪುರುಷನೆನ್ನಬಹುದು. ಕವಿ ಟಿ. ಎಸ್. ಎಲಿಯಟ್ ಈ ಕಾದಂಬರಿಯನ್ನು ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೆಂದೂ ಅತ್ಯುತ್ತಮವೆಂದೂ ಎಣಿಸಿದ. ಆ ಮಾತನ್ನು ಒಪ್ಪುವುದೂ ಬಿಡುವುದೂ ಅವರವರ ರುಚಿಗೆ ಸೇರಿದ್ದು. ಕನ್ನಡ ವಾಚಕನಿಗೆ ಈ ಕೃತಿ ಮುಖ್ಯವಾಗುವುದಕ್ಕೆ ಬೇರೊಂದು ಕಾರಣವಿದೆ. ಅದರ ಮೊದಲ ಪುಟಗಳು ನಮ್ಮನ್ನು ಕರೆದೊಯ್ಯುವುದು 1799ರ ಮೇ 4ರ ಶ್ರೀರಂಗಪಟ್ಟಣಕ್ಕೆ. ಮುಂದೆ ಇಂಗ್ಲೆಂಡಿನ ದೊಡ್ಡ ಮನೆಯೊಂದರಲ್ಲಿ ಕಳುವಾಗುವ ವಜ್ರ, ಆ ದಿನ ಟಿಪ್ಪು ಸುಲ್ತಾನನ ಆಯುಧಶಾಲೆಯಿಂದ ಹೊರಟ ವಜ್ರ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. 1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಯ ಪಾಳೆಯಗಾರನ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರನ ಹೆಸರು ಮೊದಲ ಬಾರಿಗೆ ಅರಮನೆಯವರ ಕಿವಿಗೆ ಬಿತ್ತು. ಅದರ ಬೆನ್ನಲ್ಲೇ ಅಲ್ಲಿ ಅವನಿಗೆ ಈ ಮಗ ಹುಟ್ಟಿದ. 1791ರಲ್ಲಿ ಆ ಕೋಟೆ ಕಾರ್ನ್‌ವಾಲಿಸನ ಕೈಸೇರಿತು; ಎಂಟು ವರ್ಷಗಳ ಮೇಲೆ ಶ್ರೀರಂಗಪಟ್ಟಣವೂ ಬಿತ್ತು. ಕೋಟೆಯ ಬಳಿ ಟಿಪ್ಪು ಹುಟ್ಟಿದ ಸ್ಥಳವೆಂದು ಗುರುತಿಸಿರುವ ಸಣ್ಣ ಕಲ್ಲಿನ ಕಟ್ಟಡ ಈಗಲೂ ಇದೆ. ಇಂದು ಆ ತಾಲ್ಲೂಕಿನ ಹೆಸರೆತ್ತಿದರೆ ವಿಮಾನ ನಿಲ್ದಾಣ ನೆನಪಾಗುವುದೇ ಹೆಚ್ಚು. ಆದರೂ ದೇವನಹಳ್ಳಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ಕುಳಿತು ‘ಮೂನ್‌ಸ್ಟೋನ್’ ಓದುವವನಿಗೂ, ಲಂಡನ್ನಿನಲ್ಲಿ ಕುಳಿತು ಓದುವವನಿಗೂ ಕಥೆ ಒಂದೇ ಆಗಿ ಕಾಣುವುದಿಲ್ಲ. ಕಾದಂಬರಿಯನ್ನು ಯಾವ ಬಾಗಿಲಿನಿಂದ ಹೊಕ್ಕೆವೆಂಬುದರ ಮೇಲೆ ಅಪರಾಧ ಯಾವುದೆಂಬುದೂ ನಿಲ್ಲುತ್ತದೆ. ನಾವು ಆಯುಧಶಾಲೆಯ ಬಾಗಿಲಿನಿಂದ ಹೊಗುತ್ತೇವೆ. ಸಾರ್ಜೆಂಟ್ ಕಫ್ ಯಾರ್ಕ್‌ಷೈರಿನ ಮನೆಯ ಬಾಗಿಲಿನಿಂದ ಬರುತ್ತಾನೆ. ಈ ಎರಡು ಬಾಗಿಲುಗಳ ನಡುವಿನ ಅಂತರವನ್ನು ಅಳೆಯುವುದೇ ಈ ಬರಹದ ಉದ್ದೇಶ.

ಮೊದಲು ಕಥೆ. ಪತ್ತೇದಾರಿ ಕಾದಂಬರಿಯ ಗುಟ್ಟನ್ನು ಬಿಟ್ಟುಕೊಡುವುದು ಸಭ್ಯತೆಯಲ್ಲವೆಂಬ ಮಾತಿದೆ. ಆದರೆ ಗುಟ್ಟು ತಿಳಿದ ಮೇಲೂ ಓದಿಸಿಕೊಳ್ಳುವ ಕೃತಿ ಇದು. ಗುಟ್ಟನ್ನು ಮುಚ್ಚಿಟ್ಟು ಇದನ್ನು ವಿಮರ್ಶಿಸುವುದು ಸಾಧ್ಯವೂ ಇಲ್ಲ.

ಸೋಮನಾಥದ ದೇವಾಲಯದ ಚಂದ್ರದೇವನ ಹಣೆಯಲ್ಲಿ ಇದ್ದ ಹಳದಿ ವಜ್ರ ಕೈಯಿಂದ ಕೈಗೆ ಸಾಗಿ ಟಿಪ್ಪುವಿನ ಕಠಾರಿಯ ಹಿಡಿಯನ್ನು ಸೇರಿದೆ. ಅದನ್ನು ಕಾಯುವ ವ್ರತ ಹೊತ್ತ ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ಗುಟ್ಟಾಗಿ ಹಿಂಬಾಲಿಸುತ್ತಲೇ ಬಂದಿದ್ದಾರೆ. ಪಟ್ಟಣ ಬಿದ್ದ ರಾತ್ರಿ ಜಾನ್ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಆ ಮೂವರ ರಕ್ತ ಹರಿಸಿ ವಜ್ರವನ್ನು ಅಪಹರಿಸುತ್ತಾನೆ. ಐವತ್ತು ವರ್ಷಗಳು ಕಳೆಯುತ್ತಿರುವಾಗ, ಸಾಯುವ ಮುನ್ನ ಬರೆದ ಉಯಿಲಿನಲ್ಲಿ ಅದನ್ನು ತನ್ನ ಸೋದರಿಯ ಮಗಳು ರೇಚಲಳಿಗೆ ಬಿಟ್ಟುಹೋಗುತ್ತಾನೆ. 1848ರ ಜೂನ್ 21, ರೇಚಲಳ ಹುಟ್ಟುಹಬ್ಬ. ಅಂದು ಸಂಜೆ ಅವಳು ವಜ್ರವನ್ನು ಧರಿಸುತ್ತಾಳೆ. ಬೆಳಗಾಗುವುದರೊಳಗೆ ಅದು ಮಾಯವಾಗಿರುತ್ತದೆ. ಮನೆಯ ಸುತ್ತ ಜಾದೂಗಾರರ ವೇಷದಲ್ಲಿ ಮೂವರು ಭಾರತೀಯರು ಸುಳಿದಾಡುತ್ತಿರುತ್ತಾರೆ.

ಮೊದಲು ಬರುವವನು ಸ್ಥಳೀಯ ಸೂಪರಿಂಟೆಂಡೆಂಟ್ ಸೀಗ್ರೇವ್. ಮುಂದಿನ ಲೆಸ್ಟ್ರೇಡುಗಳ ಲಕ್ಷಣವೆಲ್ಲ ಇವನಲ್ಲೇ ಇದೆ. ದೊಡ್ಡ ಮೈಕಟ್ಟು, ದೊಡ್ಡ ದನಿ, ಆಳುಕಾಳುಗಳ ಮೇಲೆ ಗದರಿಕೆ. ರೇಚಲಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಒಂದು ಕಡೆ ಕಲೆಸಿಹೋಗಿರುತ್ತದೆ. ಕೆಲಸದ ಹೆಂಗಸರ ಲಂಗ ತಗಲಿ ಹಾಗಾಗಿರಬೇಕೆಂದು ಅವನು ಅದನ್ನು ತಳ್ಳಿಹಾಕುತ್ತಾನೆ.

ಕಫ್ ಲಂಡನ್ನಿನಿಂದ ಬಂದಾಗ ಮನೆಯ ಪಾರುಪತ್ಯಗಾರ ಬೆಟರೆಜ್ ಮುದುಕನಿಗೆ ನಿರಾಶೆಯಾಗುತ್ತದೆ. ಬಂದವನು ಬಡಕಲು ದೇಹದ, ಕೊಡಲಿಯಂತೆ ಚೂಪು ಮುಖದ, ವಯಸ್ಸಾದ ಮನುಷ್ಯ. ಕರಿಯ ಉಡುಪು, ಕೊರಳಿಗೆ ಬಿಳಿಯ ವಸ್ತ್ರ. ಪಾದ್ರಿಯೆಂದರೂ ನಂಬಬಹುದು, ಹೆಣ ಹೊರುವವರ ಮೇಸ್ತ್ರಿಯೆಂದರೂ ನಂಬಬಹುದು. ಬಂದವನು ಮೊದಲು ಮಾತಾಡುವುದು ವಜ್ರದ ವಿಷಯವನ್ನಲ್ಲ, ಗುಲಾಬಿಯ ವಿಷಯವನ್ನು. ತೋಟದ ಓಣಿಗಳಿಗೆ ಕಲ್ಲುಪುಡಿ ಹಾಕಬೇಕೋ ಹುಲ್ಲು ಬೆಳೆಸಬೇಕೋ ಎಂದು ತೋಟಗಾರನೊಡನೆ ಹಟ ಹಿಡಿದು ವಾದಿಸುತ್ತಾನೆ. ಆಮೇಲೆ ಬಾಗಿಲಿನ ಮುಂದೆ ನಿಂತು, ಕ್ಷುಲ್ಲಕವೆಂದು ಸೀಗ್ರೇವ್ ತಳ್ಳಿದ ಆ ಕಲೆಯನ್ನೇ ಹಿಡಿಯುತ್ತಾನೆ. ಬಣ್ಣ ಬಳಿದದ್ದು ಎಷ್ಟು ಹೊತ್ತಿಗೆ? ಅದು ಒಣಗಲು ಎಷ್ಟು ಗಂಟೆ ಬೇಕು? ಹನ್ನೆರಡು ಗಂಟೆಯಾದರೆ, ಮರುದಿನ ಹೆಂಗಸರು ಅಲ್ಲಿ ನೆರೆದಾಗ ಬಣ್ಣ ಒಣಗಿ ಬಹಳ ಹೊತ್ತಾಗಿತ್ತು. ಹಾಗಾದರೆ ಕಲೆ ಬಿದ್ದದ್ದು ನಡುರಾತ್ರಿಗೂ ಮೂರು ಗಂಟೆಗೂ ನಡುವೆ. ಆ ಹೊತ್ತಿನಲ್ಲಿ ಬಾಗಿಲಿಗೆ ತಗಲಿದ ಬಟ್ಟೆ ಯಾರದು? ಅದರ ಮೇಲೆ ಬಣ್ಣದ ಗುರುತು ಇರಲೇಬೇಕು. ಬಟ್ಟೆಯನ್ನು ಹುಡುಕಿದರೆ ವಜ್ರವನ್ನು ಹುಡುಕಿದಂತೆ.

ಪತ್ತೇದಾರಿ ಕಾದಂಬರಿಯ ವಿಧಾನವೆಲ್ಲ ಈ ನಾಲ್ಕಾರು ಪುಟಗಳಲ್ಲಿ ಬೀಜರೂಪವಾಗಿ ಇದೆ. ಊಹೆಗಿಂತ ವಸ್ತುವಿನ ಸಾಕ್ಷ್ಯ ದೊಡ್ಡದು. ಯಾವ ವಸ್ತುವೂ ಸಣ್ಣದಲ್ಲ. ಗದರಿಸುವುದಕ್ಕಿಂತ ಹರಟೆ ಹೊಡೆಯುವುದರಿಂದ ಹೆಚ್ಚು ತಿಳಿಯುತ್ತದೆ. ಹೋಮ್ಸನ ಭೂತಗನ್ನಡಿಯನ್ನು ಹೊಗಳುವವರು ಈ ಸಾರ್ಜೆಂಟನ ಅರೆಮುಚ್ಚಿದ ಕಣ್ಣುಗಳಿಗೆ ಋಣಿಗಳಾಗಿರಬೇಕು.

ಕಫ್‌ನ ಕಷ್ಟ ಆರಂಭವಾಗುವುದು ಬಟ್ಟೆಯನ್ನು ಹುಡುಕುವಾಗ. ಮನೆಯವರೆಲ್ಲರ ಪೆಟ್ಟಿಗೆಗಳನ್ನೂ ಶೋಧಿಸಬೇಕು. ಆಳುಗಳದು ಮಾತ್ರವಲ್ಲ, ಒಡೆಯರದೂ ಕೂಡ. ಒಡತಿ ಲೇಡಿ ವೆರಿಂಡರ್ ಒಪ್ಪುತ್ತಾಳೆ; ಅತಿಥಿಗಳೂ ಒಪ್ಪುತ್ತಾರೆ. ವಜ್ರ ಕಳೆದುಕೊಂಡ ರೇಚಲಳೇ ಒಪ್ಪುವುದಿಲ್ಲ. ಅಲ್ಲಿಗೆ ಶೋಧ ನಿಲ್ಲಬೇಕು. ಅಧಿಕಾರದ ಕಾಗದ ಕೈಯಲ್ಲಿದ್ದರೂ ಪೋಲೀಸಿನವನು ಆ ಮನೆಯಲ್ಲಿ ಕರೆದಾಗ ಬರಬೇಕಾದ, ಸಾಕೆಂದಾಗ ಹೋಗಬೇಕಾದ ಕೆಲಸಗಾರ. ಕಫ್ ಆಗ ಮಡಿವಾಳಿತಿಗೆ ಹಾಕಿದ ಬಟ್ಟೆಗಳ ಲೆಕ್ಕದ ಪುಸ್ತಕವನ್ನು ಕೇಳಿ ತರಿಸಿಕೊಳ್ಳುತ್ತಾನೆ. ಮುಂಬಾಗಿಲು ಮುಚ್ಚಿದರೆ ಅಗಸರ ಬಾಗಿಲಿನಿಂದ ಒಳಹೋಗುವ ಈ ಯುಕ್ತಿ ನಮ್ಮ ಮಹಜರು ಬರೆಯುವವರಿಗೂ ಮೆಚ್ಚಿಗೆಯಾದೀತು.

ಈ ಕಲ್ಪನೆಯ ಹಿಂದೆ ನಿಜವಾದ ಮೊಕದ್ದಮೆಯೊಂದಿದೆ. ಲಂಡನ್ ಪೋಲೀಸಿನ ಪತ್ತೆದಳ ಹುಟ್ಟಿದ್ದು 1842ರಲ್ಲಿ, ಕೇವಲ ಎಂಟು ಮಂದಿಯಿಂದ. ಅವರಲ್ಲಿ ಜೊನಾಥನ್ ವಿಚರ್ ಒಬ್ಬ. 1860ರಲ್ಲಿ ರೋಡ್ ಎಂಬ ಹಳ್ಳಿಯ ಕುಲೀನ ಗೃಹಸ್ಥನೊಬ್ಬನ ಮನೆಯಲ್ಲಿ ಎಳೆಯ ಮಗುವಿನ ಕೊಲೆಯಾದಾಗ, ಆಗ ಇನ್‌ಸ್ಪೆಕ್ಟರನಾಗಿದ್ದ ವಿಚರ್‌ನನ್ನು ಅಲ್ಲಿಗೆ ಕಳಿಸಿದರು. ಮಡಿವಾಳರ ಲೆಕ್ಕದಲ್ಲಿ ಒಂದು ರಾತ್ರಿಯುಡುಪು ಕಡಿಮೆಯಾಗಿತ್ತು. ಆ ಸುಳಿವನ್ನು ಹಿಡಿದು ಅವನು ಮಗುವಿನ ಮಲ ಅಕ್ಕ, ಹದಿನಾರು ವಯಸ್ಸಿನ ಕಾನ್‌ಸ್ಟನ್ಸ್ ಕೆಂಟಳನ್ನು ಬಂಧಿಸಿದ. ದೇಶವೆಲ್ಲ ಅವನ ಮೇಲೆ ಉರಿದೆದ್ದಿತು. ಕೂಲಿ ಮಾಡುವ ವರ್ಗದ ಪೋಲೀಸಿನವನು ದೊಡ್ಡ ಮನೆಯ ಕನ್ಯೆಯ ಒಳಉಡುಪಿನ ಲೆಕ್ಕ ಕೇಳುವುದೇ ಒಂದು ಅಪರಾಧವೆಂಬಂತೆ ಪತ್ರಿಕೆಗಳು ಬರೆದವು. ಹುಡುಗಿ ಬಿಡುಗಡೆಯಾದಳು, ವಿಚರ್‌ನ ಹೆಸರು ಹಾಳಾಯಿತು, 1864ರಲ್ಲಿ ಅವನು ಕೆಲಸ ಬಿಟ್ಟ. ಮರುವರ್ಷ ಕಾನ್‌ಸ್ಟನ್ಸ್ ತಾನಾಗಿಯೇ ತಪ್ಪೊಪ್ಪಿಕೊಂಡಳು.

ಈ ಮೊಕದ್ದಮೆ ನಡೆದ ಕೆಲವೇ ವರ್ಷಗಳಲ್ಲಿ ಕಾಲಿನ್ಸ್ ಕಾದಂಬರಿ ಬರೆದ. ಕಳೆದುಹೋದ ರಾತ್ರಿಯುಡುಪು, ಮಡಿವಾಳರ ಪುಸ್ತಕ, ಕುಲೀನ ಕನ್ಯೆಯ ಮೇಲಿನ ಶಂಕೆ, ಎಲ್ಲವೂ ಅಲ್ಲಿಂದಲೇ ಬಂದವು. ಆದರೆ ಅವನು ಒಂದು ಮುಖ್ಯವಾದ ಬದಲಾವಣೆ ಮಾಡಿದ. ನಿಜ ಜೀವನದಲ್ಲಿ ವಿಚರ್ ಹೇಳಿದ್ದು ಸರಿಯಾಗಿತ್ತು, ಜನ ನಂಬಲಿಲ್ಲ. ಕಾದಂಬರಿಯಲ್ಲಿ ಕಫ್ ಹೇಳಿದ್ದು ತಪ್ಪು. ರೇಚಲ್ ಗುಟ್ಟಾಗಿ ಸಾಲ ಮಾಡಿ, ತೀರಿಸಲು ತನ್ನ ವಜ್ರವನ್ನು ತಾನೇ ಮುಚ್ಚಿಟ್ಟಿದ್ದಾಳೆ; ಹಿಂದೊಮ್ಮೆ ಕಳ್ಳಿಯಾಗಿದ್ದ ಕೆಲಸದ ಹುಡುಗಿ ರೊಸಾನಾ ಅವಳಿಗೆ ನೆರವಾಗಿದ್ದಾಳೆ ಎಂದು ಕಫ್ ತೀರ್ಮಾನಿಸುತ್ತಾನೆ. ಲೇಡಿ ವೆರಿಂಡರ್ ಹಣ ಕೊಟ್ಟು ಅವನನ್ನು ಕಳಿಸಿಬಿಡುತ್ತಾಳೆ. ಹೋಗುವಾಗ ಅವನು ಮೂರು ಮಾತು ಹೇಳಿ ಹೋಗುತ್ತಾನೆ: ರೊಸಾನಾಳ ಪರಿಚಯದ ಬೆಸ್ತರ ಮನೆಯಿಂದ ಒಂದು ಸುದ್ದಿ ಬರುತ್ತದೆ, ಆ ಭಾರತೀಯರ ಸುದ್ದಿ ಮತ್ತೆ ಬರುತ್ತದೆ, ಲಂಡನ್ನಿನ ಲೂಕರ್ ಎಂಬ ಲೇವಾದೇವಿಗಾರನ ಹೆಸರೂ ಕೇಳಿಬರುತ್ತದೆ. ಮೂರೂ ನಿಜವಾಗುತ್ತವೆ. ಕಂಡದ್ದೆಲ್ಲ ಸರಿ, ಕಟ್ಟಿದ ತೀರ್ಮಾನ ತಪ್ಪು. ಈ ವಿಚಿತ್ರ ಸ್ಥಿತಿ ಪತ್ತೇದಾರಿ ಸಾಹಿತ್ಯದಲ್ಲಿ ಅಪರೂಪವಾದುದು.

ತಪ್ಪಾದುದು ಏಕೆ? ಕಾದಂಬರಿಯ ಅನೇಕ ವಿಮರ್ಶಕರು, ಕಥೆಯ ಕುತೂಹಲವನ್ನು ಉಳಿಸಲು ಕಾಲಿನ್ಸ್ ಮಾಡಿದ ಉಪಾಯವೆಂದು ಇದನ್ನು ಬಿಟ್ಟುಬಿಡುತ್ತಾರೆ. ಅಷ್ಟೇ ಆಗಿದ್ದರೆ ಕಫ್‌ನ ಪಾತ್ರಕ್ಕೆ ಈ ಘನತೆ ಬರುತ್ತಿರಲಿಲ್ಲ. ಕಫ್‌ನ ಅನುಭವ ಲಂಡನ್ನಿನ ಸಾಲ, ಸುಳ್ಳು, ಒತ್ತೆ ಅಂಗಡಿಗಳ ಅನುಭವ. ಹೆಂಗಸು ಮಾತಾಡದೆ ಕುಳಿತರೆ ಅವಳು ಏನೋ ಮುಚ್ಚಿಡುತ್ತಿದ್ದಾಳೆಂದು ಆ ಅನುಭವ ಹೇಳುತ್ತದೆ. ರೇಚಲ್ ಮುಚ್ಚಿಡುತ್ತಿದ್ದುದು ನಿಜ. ಆದರೆ ತನ್ನ ಪಾಪವನ್ನಲ್ಲ. ತಾನು ಪ್ರೀತಿಸುತ್ತಿದ್ದ ಫ್ರಾಂಕ್ಲಿನ್ ಬ್ಲೇಕ್ ನಡುರಾತ್ರಿ ಬಂದು ವಜ್ರ ತೆಗೆದುಕೊಂಡು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನಿಗಾಗಿ ಬಾಯಿ ಕಟ್ಟಿಕೊಂಡಳು. ರೊಸಾನಾ ಮುಚ್ಚಿಟ್ಟದ್ದೂ ಅದೇ ಫ್ರಾಂಕ್ಲಿನ್ನನ ಬಣ್ಣ ತಗಲಿದ ಉಡುಪನ್ನು. ಅವಳೂ ಅವನನ್ನು ಪ್ರೀತಿಸುತ್ತಿದ್ದಳು, ಹೇಳಿಕೊಳ್ಳಲಾರದೆ ಹುದುಲು ಮರಳಿಗೆ ಬಿದ್ದು ಸತ್ತಳು. ಫ್ರಾಂಕ್ಲಿನ್ನನಿಗೋ ತಾನು ಕದ್ದದ್ದೇ ಗೊತ್ತಿಲ್ಲ. ವೈದ್ಯನೊಬ್ಬ ಹಟಕ್ಕೆ ಬಿದ್ದು ಅವನಿಗೆ ತಿಳಿಯದಂತೆ ಅಫೀಮು ಕುಡಿಸಿದ್ದ. ಆ ಮಂಪರಿನಲ್ಲಿ ವಜ್ರವನ್ನು ಕಾಪಾಡಬೇಕೆಂಬ ಕಳವಳದಿಂದಲೇ ಅವನು ಅದನ್ನು ತೆಗೆದಿದ್ದ. ಅವನ ಕೈಯಿಂದ ಅದು ಗಾಡ್‌ಫ್ರೆ ಏಬಲ್‌ವೈಟನ ಕೈಗೆ ಬಂದಿತು. ಈ ಗಾಡ್‌ಫ್ರೆ ಧರ್ಮಕಾರ್ಯಗಳ ಸಭೆಗಳಲ್ಲಿ ಕಣ್ಣೀರು ತರಿಸುವ ಭಾಷಣಕಾರ. ಒಳಗೆ, ತನ್ನ ವಶಕ್ಕೆ ಒಪ್ಪಿಸಿದ್ದ ಬೇರೊಬ್ಬನ ಹಣವನ್ನು ನುಂಗಿದವನು. ಕೊನೆಗೆ ಮೊಹರು ಮಾಡಿದ ಲಕೋಟೆಯಲ್ಲಿ ಆ ಹೆಸರನ್ನು ಮುಂಚಿತವಾಗಿ ಬರೆದುಕೊಟ್ಟವನೂ, ನಾವಿಕನ ವೇಷದಲ್ಲಿ ಸತ್ತುಬಿದ್ದವನ ಮುಖದಿಂದ ಬಣ್ಣವನ್ನೂ ಕಟ್ಟುಗಡ್ಡವನ್ನೂ ಕಿತ್ತು ತೋರಿಸಿದವನೂ ಕಫ್‌ನೇ. ಅಷ್ಟು ಹೊತ್ತಿಗೆ ಅವನು ನಿವೃತ್ತನಾಗಿ ಡಾರ್ಕಿಂಗಿನಲ್ಲಿ ಗುಲಾಬಿ ಬೆಳೆಸುತ್ತಿರುತ್ತಾನೆ. ತಾನು ಎಡವಿದ್ದನ್ನು ಅವನು ಮರೆಮಾಚುವುದಿಲ್ಲ; ತಪ್ಪೇ ಮಾಡದ ಪೋಲೀಸಿನವರು ಪುಸ್ತಕಗಳಲ್ಲಿ ಮಾತ್ರ ಇರುತ್ತಾರೆಂಬರ್ಥದ ಮಾತಾಡುತ್ತಾನೆ. ಪುಸ್ತಕದೊಳಗಿನ ಪೋಲೀಸನ ಬಾಯಲ್ಲಿ ಈ ಮಾತು ಆಡಿಸಿದ್ದು ಕಾಲಿನ್ಸನ ಹಾಸ್ಯ. ಅದು ವಿಚರ್‌ಗೆ ಸಲ್ಲಿಸಿದ ಗೌರವವೂ ಆಗಿರಬಹುದು.

ಇಷ್ಟು ಹೇಳಿದರೆ ಯಾರ್ಕ್‌ಷೈರಿನ ಬಾಗಿಲಿನಿಂದ ನೋಡಿದ ಕಥೆ ಮುಗಿಯಿತು. ಕಳ್ಳ ಸಿಕ್ಕಿದ, ಪ್ರೇಮಿಗಳು ಒಂದಾದರು, ಮುದುಕ ಪೋಲೀಸನು ಗುಲಾಬಿಗೆ ಹಿಂತಿರುಗಿದ. ಈಗ ಆಯುಧಶಾಲೆಯ ಬಾಗಿಲಿಗೆ ಬರೋಣ.

ಕಾದಂಬರಿಯ ಮುನ್ನುಡಿಯಂತಿರುವ ಆ ಶ್ರೀರಂಗಪಟ್ಟಣದ ಪ್ರಕರಣವನ್ನು ಹೇಳುವವನು ಹರ್ನ್‌ಕಾಸಲ್‌ನ ಸೋದರ ಸಂಬಂಧಿ. ಅವನು ಹೇಳುವ ಒಂದು ವಿವರವನ್ನು ನಾವು ಗಮನಿಸಬೇಕು. ಪಟ್ಟಣ ಬಿದ್ದ ಸಂಜೆ ಅವರಿಬ್ಬರೂ ಅರಮನೆಗೆ ಬಂದದ್ದು ಲೂಟಿ ಮಾಡಲು ಅಲ್ಲ, ಲೂಟಿಯನ್ನು ತಡೆಯಲು. ಸೇನಾಪತಿಯ ಅಪ್ಪಣೆಯಂತೆ, ಗೊಂದಲವನ್ನು ಅಡಗಿಸಲು ಕಳಿಸಿದ ತುಕಡಿಗಳಲ್ಲಿ ಅವರು ಇದ್ದರು. ಅಂದರೆ ಈ ಕಾದಂಬರಿಯಲ್ಲಿ ಪೋಲೀಸ್ ಕೆಲಸಕ್ಕೆ ನೇಮಕವಾದ ಮೊದಲ ಮನುಷ್ಯ ಕಫ್ ಅಲ್ಲ, ಸೀಗ್ರೇವನೂ ಅಲ್ಲ, ಹರ್ನ್‌ಕಾಸಲ್! ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತ ಅವನನ್ನು ಸೋದರ ಸಂಬಂಧಿ ಕಂಡ. ಇಬ್ಬರು ಸತ್ತಿದ್ದರು, ಮೂರನೆಯವನು ಸಾಯುತ್ತ ಶಾಪ ಹಾಕಿದ. ಕಳ್ಳರನ್ನು, ಅವರು ಎಂಥ ದರ್ಜೆಯವರೇ ಆಗಲಿ, ಗಲ್ಲಿಗೇರಿಸುವುದಾಗಿ ಜನರಲ್ ಬೇರ್ಡ್ ಸಾರಿಸಿದ. ಆದರೂ ಕಂಡವನು ದೂರು ಕೊಡಲಿಲ್ಲ. ಹೊಡೆದದ್ದನ್ನು ತಾನು ಕಣ್ಣಾರೆ ಕಾಣಲಿಲ್ಲ, ಸಾಕ್ಷ್ಯ ಸಾಲದು, ಎಂಬುದು ಅವನ ಸಮಾಧಾನ. ಸಂಬಂಧಿಕರಿಗೊಂದು ಕಾಗದ ಬರೆದು, ಅವನ ಸಹವಾಸ ಬಿಟ್ಟು, ಸುಮ್ಮನಾದ.

ಮೂವರ ಕೊಲೆ, ಒಂದು ಅಪಹರಣ, ಕೈಯಲ್ಲಿ ಕಠಾರಿ, ಎದುರಿಗೆ ಸಾಕ್ಷಿ. ಬಣ್ಣದ ಒಂದು ಕಲೆಯಿಂದ ನಡುರಾತ್ರಿಯ ಗಂಟೆಯನ್ನು ಲೆಕ್ಕಹಾಕಿದ ಕಫ್‌ಗೆ ಈ ಮೊಕದ್ದಮೆ ಎಷ್ಟು ಹೊತ್ತಿನ ಕೆಲಸ? ಆದರೆ ಅವನಿಗೆ ಆ ಕೆಲಸ ವಹಿಸಿದವರಿಲ್ಲ. ಅವನನ್ನು ಕರೆಸಿದ್ದು ಮಿಸ್ ರೇಚಲಳ ವಜ್ರವನ್ನು ಹುಡುಕಲು. ಅದು ಮಿಸ್ ರೇಚಲಳ ವಜ್ರ ಹೇಗಾಯಿತೆಂದು ಅವನು ಕೇಳುವುದಿಲ್ಲ. ಎಂಥ ಚೂಪು ಬುದ್ಧಿಯವನಾದರೂ ಇನ್‌ಸ್ಪೆಕ್ಟರನ ಅಧಿಕಾರದ ಗಡಿ ಇದೇ. ಯಾವ ಸ್ವತ್ತು ಯಾರದೆಂದು ಕಾನೂನು ನಿಶ್ಚಯಿಸಿದ ಮೇಲೆ ಅವನ ಕೆಲಸ ಆರಂಭವಾಗುತ್ತದೆ. ಹರ್ನ್‌ಕಾಸಲ್ ರೇಚಲಳಿಗೆ ಬರೆದ ಉಯಿಲಿಗೆ ರುಜುವಿದೆ, ಮೊಹರಿದೆ. ಸೋಮನಾಥದ ಬ್ರಾಹ್ಮಣರ ವ್ರತಕ್ಕೆ ಕಾಗದಪತ್ರವಿಲ್ಲ. ಹೀಗಾಗಿ ಕಳೆದುಕೊಂಡವರು ಕಳ್ಳರಾಗಿ, ಕದ್ದವನ ವಾರಸುದಾರಳು ಕಳೆದುಕೊಂಡವಳಾಗಿ ದಫ್ತರಿನಲ್ಲಿ ದಾಖಲಾಗುತ್ತಾರೆ. ಆ ರಾತ್ರಿ ಮೂವರು ಭಾರತೀಯರೂ ಮನೆಯ ಹತ್ತಿರ ಇರಲಿಲ್ಲವೆಂಬುದು ರುಜುವಾತಾಗುತ್ತದೆ. ಆದರೂ ಮ್ಯಾಜಿಸ್ಟ್ರೇಟ್ ನೆಪವೊಂದನ್ನು ಹುಡುಕಿ ಅವರನ್ನು ಒಂದು ವಾರ ಸೆರೆಯಲ್ಲಿಡುತ್ತಾನೆ. ಬೆಟರೆಜ್ ಮುದುಕ ಇದನ್ನು ನಗುತ್ತ ಹೇಳುತ್ತಾನೆ. ನಮಗೆ ಆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

ಇದು ಕಾದಂಬರಿಕಾರನ ಕಲ್ಪನೆಯೆಂದು ತಳ್ಳಿಹಾಕುವ ಹಾಗೂ ಇಲ್ಲ. ‘ಲೂಟಿ’ ಎಂಬ ಮಾತು ಇಂಗ್ಲಿಷ್ ನಿಘಂಟಿಗೆ ಹೋದದ್ದು ನಮ್ಮ ದೇಶದಿಂದಲೇ. 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ನಡೆದ ಲೂಟಿ ಇತಿಹಾಸ. ಮರುದಿನ ಆರ್ಥರ್ ವೆಲ್ಲೆಸ್ಲಿ ಕೆಲವು ಸಿಪಾಯಿಗಳನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿ ಏಟು ಹೊಡೆಸಿ ಅದನ್ನು ನಿಲ್ಲಿಸಿದ. ನಿಂತದ್ದು ಸಿಪಾಯಿಗಳ ಲೂಟಿ. ಆಮೇಲೆ ಸಮಿತಿ ಕುಳಿತಿತು. ಖಜಾನೆಯನ್ನು ಎಣಿಸಿ, ದರ್ಜೆಗೆ ತಕ್ಕಂತೆ ಪಾಲು ಹಾಕಿತು. ಸೇನಾಪತಿ ಹ್ಯಾರಿಸನ ಪಾಲಿಗೆ ಒಂದು ಲಕ್ಷ ಪೌಂಡಿಗೂ ಮೀರಿದ ಮೊತ್ತ ಬಂದಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡು ತುಂಡಾಗಿ ಹಂಚಿದರು. ಅದರ ಚಿನ್ನದ ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸಿಪಾಯಿಯನ್ನು ಕೆಡವಿ ಮೇಲೆ ಕುಳಿತ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಟಿಪ್ಪುವಿನ ಶಯನಗೃಹದ ಖಡ್ಗವನ್ನು, ಪಟ್ಟಣಕ್ಕೆ ಲಗ್ಗೆ ಹಾಕಿದ ಜನರಲ್ ಬೇರ್ಡನಿಗೆ ಬಹುಮಾನವಾಗಿ ಕೊಟ್ಟರು. ಕಾದಂಬರಿಯಲ್ಲಿ ಕಳ್ಳರನ್ನು ಗಲ್ಲಿಗೇರಿಸುವೆನೆಂದು ಸಾರಿಸುವ ಬೇರ್ಡ್ ಇವನೇ. ಆ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ರಸೀದಿಯಿಲ್ಲದೆ ತೆಗೆದುಕೊಂಡ ಸಿಪಾಯಿಗೆ ನೇಣು. ರಸೀದಿ ಇದ್ದವರಿಗೆ ಆಸ್ತಿ. ಹರ್ನ್‌ಕಾಸಲ್ ಮಾಡಿದ ತಪ್ಪು, ಸಮಿತಿ ಕೂರುವವರೆಗೆ ಕಾಯದೆ ಇದ್ದದ್ದು ಎನ್ನೋಣವೆ?

ಇಲ್ಲಿಗೆ ನಿಂತರೆ ನಾವು ಸಂತೋಷವಾಗಿ ನ್ಯಾಯಾಧೀಶರ ಪೀಠವನ್ನೇರಬಹುದು. ಕಾಲಿನ್ಸ್ ನಮಗೂ ಅಷ್ಟು ಸುಲಭವಾಗಿ ಪೀಠ ಬಿಟ್ಟುಕೊಡುವುದಿಲ್ಲ. ವಜ್ರ ಟಿಪ್ಪುವಿನದೂ ಅಲ್ಲ. ಔರಂಗಜೇಬನ ಕಾಲದಲ್ಲಿ ದೇವಾಲಯವನ್ನು ಕೊಳ್ಳೆಹೊಡೆದವರ ಕೈಯಿಂದ ಕೈಗೆ ದಾಟಿ ಅದು ಅವನ ಕಠಾರಿಗೆ ಬಂದಿದೆಯೆಂದು ಕಥೆ ಸ್ಪಷ್ಟವಾಗಿ ಹೇಳುತ್ತದೆ. ದೇವನಹಳ್ಳಿಯ ವಾಚಕನು ಅದನ್ನು ‘ನಮ್ಮ ವಜ್ರ’ ಎನ್ನಲು ಬಾಯಿ ತೆರೆದರೆ, ಸೋಮನಾಥದವನು ಅವನ ಭುಜ ತಟ್ಟುತ್ತಾನೆ. ಆ ಕಾಲದ ಖಜಾನೆಗಳೆಲ್ಲ ಹೀಗೆ ತುಂಬಿದವೇ. ಹೈದರನ ತಂದೆ ಯುದ್ಧದಲ್ಲಿ ಸತ್ತ ಮೇಲೆ, ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಆ ವಿಧವೆಯ ಮನೆಯನ್ನು ದೋಚಿ, ಎಳೆಯ ಮಕ್ಕಳನ್ನು ಹಿಂಸಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಹಾಗೆ ದೋಚಿಸಿಕೊಂಡ ಹುಡುಗನೇ ಬೆಳೆದು ಕೋಟೆಗಳನ್ನು ಗೆದ್ದು ಕಪ್ಪ ಎತ್ತಿದ. ಹಿಂದಕ್ಕೆ ಹೋದಷ್ಟೂ ಕಳ್ಳನ ಹಿಂದೆ ಇನ್ನೊಬ್ಬ ಕಳ್ಳ ಕಾಣುತ್ತಾನೆ. ಆದರೆ ಇದರಿಂದ ಯಾರೂ ಕಳ್ಳರಲ್ಲವೆಂದು ಆಗುವುದಿಲ್ಲ. ಲೆಕ್ಕ ಉದ್ದವಾದ ಮಾತ್ರಕ್ಕೆ ಸಾಲ ತೀರುವುದಿಲ್ಲವಷ್ಟೆ.

1857ರ ದಂಗೆ ಎದ್ದು ಹನ್ನೊಂದು ವರ್ಷವಾಗಿತ್ತು. ಭಾರತೀಯರೆಂದರೆ ಕಟುಕರೆಂದು ಇಂಗ್ಲಿಷ್ ಬರಹಗಳು ಕೂಗುತ್ತಿದ್ದ ಕಾಲದಲ್ಲಿ ಕಾಲಿನ್ಸ್ ಮೂಲ ಅಪರಾಧಿಯನ್ನು ಇಂಗ್ಲಿಷ್ ಸಮವಸ್ತ್ರದಲ್ಲಿ ನಿಲ್ಲಿಸಿದ, ಧರ್ಮಭಾಷಣಕಾರನನ್ನು ಕಳ್ಳನನ್ನಾಗಿಸಿದ, ಕೊನೆಗೆ ವಜ್ರವನ್ನು ಸೋಮನಾಥಕ್ಕೆ ಹಿಂತಿರುಗಿಸಿದ. ಇದು ಸಣ್ಣ ಧೈರ್ಯವಲ್ಲ. ಹಾಗೆಂದು ಅವನ ದೋಷಗಳನ್ನು ಮುಚ್ಚಬೇಕಾಗಿಲ್ಲ. ಸೋಮನಾಥನೆಂದರೆ ಚಂದ್ರನಿಗೆ ಒಡೆಯನಾದ ಶಿವ, ಅಲ್ಲಿರುವುದು ಲಿಂಗ. ಹಣೆಯಲ್ಲಿ ವಜ್ರವಿಟ್ಟುಕೊಂಡ ಚಂದ್ರದೇವನ ಮೂರ್ತಿ ಕಾಲಿನ್ಸನ ಕಲ್ಪನೆ. ಹೆಸರಿನ ಅರ್ಧವನ್ನು ಕೇಳಿಸಿಕೊಂಡು ದೇವರನ್ನು ಕಟ್ಟಿದಂತಾಯಿತು. ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಈ ಕಥೆಯನ್ನು ಹನ್ನೊಂದು ಮಂದಿ ಸರದಿಯಾಗಿ ಹೇಳುತ್ತಾರೆ: ಪಾರುಪತ್ಯಗಾರ, ವಕೀಲ, ವೈದ್ಯ, ಬಡ ನೆಂಟಳು, ಕಫ್ ಸ್ವತಃ, ಹೀಗೆ. ಸತ್ತ ರೊಸಾನಾಳಿಗೂ ಒಂದು ದೀರ್ಘ ಪತ್ರದ ಅವಕಾಶವಿದೆ. ಜಾತಿಯನ್ನೇ ತ್ಯಜಿಸಿ, ಕಡಲು ದಾಟಿ, ತಲೆಮಾರುಗಳ ವ್ರತವನ್ನು ಪೂರೈಸಿದ ಆ ಮೂವರಿಗೆ ಒಂದು ಪುಟವೂ ಇಲ್ಲ. ಅವರು ವಜ್ರದೊಡನೆ ತಪ್ಪಿಸಿಕೊಂಡದ್ದನ್ನು ನಮಗೆ ಹೇಳುವವರು ಕಫ್‌ನ ಕೈಕೆಳಗಿನವನು, ಹಡಗಿನ ಕಪ್ತಾನ, ಒಬ್ಬ ಇಂಗ್ಲಿಷ್ ಪ್ರವಾಸಿ. ಅವರ ಜಯವೂ ಬೇರೆಯವರ ಹೇಳಿಕೆಯ ಮೂಲಕವೇ ನಮಗೆ ತಲಪುತ್ತದೆ. ಪೋಲೀಸನು ಕೇಳದ ಪ್ರಶ್ನೆಯನ್ನು ಕಾದಂಬರಿಕಾರ ಕೇಳಿದ. ಆದರೆ ಉತ್ತರ ಹೇಳಬೇಕಾದವರನ್ನು ಸಾಕ್ಷಿಕಟ್ಟೆಗೆ ಕರೆಯಲಿಲ್ಲ.

ಹಾಗಿದ್ದರೂ ಕಾದಂಬರಿಯ ಸಂವಿಧಾನದ ಒಂದು ಸೂಕ್ಷ್ಮವನ್ನು ಮೆಚ್ಚಲೇಬೇಕು. ಕಫ್‌ನ ಕೈ ನಿಲುಕುವುದು ಗಾಡ್‌ಫ್ರೆಯವರೆಗೆ. ಅವನ ಆಳು ಅಪರಾಧಿಗಳು ಏರಿದ ಹಡಗನ್ನು ಪತ್ತೆಹಚ್ಚುತ್ತಾನೆ; ಮುಂಬಯಿಯಲ್ಲಿ ಹಿಡಿಯಲು ಏರ್ಪಾಡೂ ಆಗುತ್ತದೆ. ಕಾಠಿಯಾವಾಡದ ಕರಾವಳಿಯಲ್ಲಿ ಗಾಳಿ ನಿಂತು ಹಡಗು ತಡೆದಾಗ ಮೂವರೂ ದೋಣಿ ಇಳಿಸಿಕೊಂಡು ದಡ ಸೇರಿಬಿಡುತ್ತಾರೆ. ಪತ್ತೇದಾರಿ ಕಾದಂಬರಿಯೆಂದರೆ ಕಳುವಾದ ಮಾಲು ಒಡೆಯನಿಗೆ ಹಿಂತಿರುಗಬೇಕು. ಇಲ್ಲಿ ಹಿಂತಿರುಗುತ್ತದೆ, ಆದರೆ ಪೋಲೀಸರನ್ನು ತಪ್ಪಿಸಿಕೊಂಡು. ಇನ್‌ಸ್ಪೆಕ್ಟರ್ ಗೆದ್ದಿದ್ದರೆ ನ್ಯಾಯ ಸೋಲುತ್ತಿತ್ತು. ಮುಂದಿನ ಪತ್ತೇದಾರಿ ಲೇಖಕರು ಈ ತೊಡಕನ್ನು ಕೈಬಿಟ್ಟರು. ಲೆಸ್ಟ್ರೇಡನನ್ನು ದಡ್ಡನನ್ನಾಗಿ ಮಾಡಿದ್ದರಿಂದ ಒಂದು ಅನುಕೂಲವಾಯಿತು: ಪೋಲೀಸನ ಸೋಲೆಲ್ಲ ಅವನ ಬುದ್ಧಿಯ ಸೋಲಾಯಿತು, ಅವನು ಕಾಯುವ ಕಾನೂನಿನ ಸೋಲು ಯಾರ ಕಣ್ಣಿಗೂ ಬೀಳದೆ ಹೋಯಿತು. ಕಫ್ ಜಾಣ, ಅದರಿಂದಲೇ ಅವನ ಕುರುಡುತನ ಅವನೊಬ್ಬನದಲ್ಲವೆಂದು ನಮಗೆ ತಿಳಿಯುತ್ತದೆ.

ನಮ್ಮ ಪತ್ತೇದಾರಿ ಸಾಹಿತ್ಯ ಬಹುಮಟ್ಟಿಗೆ ಹೋಮ್ಸನ ಬಾಗಿಲಿನಿಂದಲೇ ಬಂದಿತು. ಜಾಣ ಪತ್ತೇದಾರ, ಮಂದಬುದ್ಧಿಯ ಇನ್‌ಸ್ಪೆಕ್ಟರ್, ಕೊನೆಯ ಪುಟದಲ್ಲಿ ಬೇಡಿ. ಸಿನಿಮಾಗಳು ಈ ಕೊನೆಯ ಪುಟವನ್ನು ಇನ್ನೂ ಅಗ್ಗ ಮಾಡಿದವು. ಅದರಿಂದ ಓದುವ ಚಟ ಬೆಳೆಯಿತು, ಒಳ್ಳೆಯದೇ ಆಯಿತು. ಆ ಉಪಕಾರವನ್ನು ಗಂಭೀರ ವಿಮರ್ಶೆ ಇನ್ನೂ ಸರಿಯಾಗಿ ಎಣಿಸಿಲ್ಲ. ಆದರೆ ಕಫ್‌ನ ಬಾಗಿಲಿನಿಂದ ಬರುವ ಕನ್ನಡ ಕಾದಂಬರಿಗೆ ಇನ್ನೂ ಜಾಗವಿದೆ. ಹಳೆಯ ಕೋಟೆ, ಹಳೆಯ ಇನಾಮು, ಹಳೆಯ ಉಯಿಲು, ಒಡೆದ ಮನೆತನ ಇವುಗಳಿಗೆ ನಮ್ಮ ತಾಲ್ಲೂಕುಗಳಲ್ಲಿ ಬರವಿಲ್ಲ. ನಿನ್ನೆ ರಾತ್ರಿ ಕದ್ದವನಾರು ಎಂಬುದನ್ನು ಪತ್ತೆಮಾಡಲು ಹೊರಟ ಪ್ರಾಮಾಣಿಕ ಇನ್‌ಸ್ಪೆಕ್ಟರನೊಬ್ಬ, ಅದು ಮೊದಲು ಇವರ ಮನೆಗೆ ಬಂದದ್ದು ಹೇಗೆಂಬ ದಾಖಲೆಯ ಮುಂದೆ ಬಂದು ನಿಂತರೆ ಏನು ಮಾಡುತ್ತಾನೆ? ದಫ್ತರನ್ನು ಮುಚ್ಚುತ್ತಾನೆಯೋ, ತೆರೆದಿಡುತ್ತಾನೆಯೋ? ಈ ಪ್ರಶ್ನೆಯನ್ನು ಕಥೆಯಾಗಿ ಕಟ್ಟುವವನಿಗೆ ಲಂಡನ್ನಿನ ಮಂಜನ್ನು ಎರವಲು ತರುವ ಅಗತ್ಯವಿರುವುದಿಲ್ಲ.

‘ಮೂನ್‌ಸ್ಟೋನ್’ ದೀರ್ಘವಾದ ಪುಸ್ತಕ. ನಡುವೆ ಕೆಲವು ಕಡೆ ನಿಧಾನವೂ ಹೌದು. ಬೆಟರೆಜ್‌ನ ಹರಟೆಗಾಗಿ, ರೊಸಾನಾಳ ಪತ್ರಕ್ಕಾಗಿ, ಗುಲಾಬಿಯ ಮುಂದೆ ನಿಂತ ಆ ಒಣಕಲು ಪೋಲೀಸನಿಗಾಗಿ ಅದನ್ನು ಓದಬೇಕು. ಓದಿ ಮುಗಿಸಿದವರು ಶ್ರೀರಂಗಪಟ್ಟಣದ ಆ ಮೊದಲ ಕೆಲವು ಪುಟಗಳಿಗೆ ಮತ್ತೊಮ್ಮೆ ಹಿಂತಿರುಗಿ ಬರುವುದು ಒಳ್ಳೆಯದು. ಮೊದಲ ಓದಿನಲ್ಲಿ ಅವು ಕಥೆಯ ಪೀಠಿಕೆಯಂತೆ ಕಾಣುತ್ತವೆ. ಎರಡನೆಯ ಓದಿನಲ್ಲಿ, ಇನ್ನೂ ಯಾರೂ ವಿಚಾರಣೆಗೆ ತೆಗೆದುಕೊಳ್ಳದ ದೂರಿನ ಅರ್ಜಿಯಂತೆ ಕಾಣುತ್ತವೆ.